ಧರ್ಮಾಧ್ಯಕ್ಷರ ಮಂಡಳಿ ಮತ್ತು ನಮ್ಮ ಧರ್ಮಕೇಂದ್ರ

(ಶತಮಾನೋತ್ಸವದ ಅಂಗವಾಗಿ ಜಗಳೂರಿನ ವಿಶ್ವಾಸಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಶತಮಾನೋತ್ಸವವೆಂಬುದು ಹಿರಿಯರನ್ನು ಸ್ಮರಿಸುವ ಪುಣ್ಯಕಾಲ. ದೇವಾಲಯಕ್ಕೆ ಕಲ್ಲು ಹೊತ್ತವರನ್ನೂ, ಬಿಸಿಲು ಮಳೆಯೆನ್ನದೆ ಹಳ್ಳಿ ಹಳ್ಳಿ ತಿರುಗಿದ ಗುರುಗಳನ್ನೂ, ಮಕ್ಕಳಿಗೆ ಜಪತಪ ಕಲಿಸಿದ ಉಪದೇಶಿಗಳನ್ನೂ ಇತರ ಭಾಷಣಕಾರರು ನೆನಪಿಸಿಕೊಡುವರು. ನಮ್ಮ ಪಾಲಿಗೆ ಬಂದಿರುವ ವಿಷಯ ಮೇಲುನೋಟಕ್ಕೆ ಒಣದಾಗಿ ಕಾಣುವಂಥದು: ಧರ್ಮಾಧ್ಯಕ್ಷರ ರಾಷ್ಟ್ರೀಯ ಮಂಡಳಿ, ಅದರ ರಚನೆ, ಅದರ ಕಾರ್ಯ. ಕಳೆದ ಭಾನುವಾರ ಈ ವಿಷಯವನ್ನು ಪ್ರಕಟಿಸಿದಾಗ ಯುವಕನೊಬ್ಬ ಪೂಜೆಯ ತರುವಾಯ ನಮ್ಮ ಬಳಿ ಬಂದು, "ಫಾದರ್, ಧರ್ಮಾಧ್ಯಕ್ಷರು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಸಭೆ ಸೇರುತ್ತಾರೆ. ಅದಕ್ಕೂ ನಮ್ಮ ಜಗಳೂರಿಗೂ ಏನು ಸಂಬಂಧ?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ, ನ್ಯಾಯವಿತ್ತು. ಅದಕ್ಕೆ ಉತ್ತರ ಕೊಡುವುದೇ ಈ ಹೊತ್ತಿನ ನಮ್ಮ ಕರ್ತವ್ಯ.

ಮೊದಲು ಮೂಲವನ್ನು ನೋಡೋಣ. ಪ್ರಭುಕ್ರಿಸ್ತರು ಒಬ್ಬನೇ ಪ್ರೇಷಿತನನ್ನು ಆರಿಸಿಕೊಳ್ಳಲಿಲ್ಲ. ಹನ್ನೆರಡು ಮಂದಿಯನ್ನು ಕರೆದು ಅವರನ್ನು ಒಂದು ಬಳಗವನ್ನಾಗಿ ಮಾಡಿದರು. ಅವರ ಮುಂದಾಳತ್ವವನ್ನು ಸಂತ ಪೇತ್ರರಿಗೆ ವಹಿಸಿದರು. ಅಂತಿಯೋಕ್ಯದಲ್ಲಿ ಸುನ್ನತಿಯ ಪ್ರಶ್ನೆ ಎದ್ದು ಸಭೆ ಕದಡಿಹೋದಾಗ ಏನಾಯಿತೆಂಬುದು ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯದಲ್ಲಿದೆ. ಪೌಲರೂ ಬಾರ್ನಬರೂ ತಮ್ಮಷ್ಟಕ್ಕೆ ತೀರ್ಪು ಕೊಡಲಿಲ್ಲ. ಜೆರುಸಲೇಮಿಗೆ ಹೋದರು. ಅಲ್ಲಿ ವಾದವಾಯಿತು, ಆಲಿಸುವಿಕೆಯಾಯಿತು, ತೀರ್ಮಾನವಾಯಿತು. ಆ ತೀರ್ಮಾನವನ್ನು ಪತ್ರವಾಗಿ ಬರೆದು ಯೂದ, ಸೀಲ ಎಂಬಿಬ್ಬರ ಕೈಯಲ್ಲಿ ಕೊಟ್ಟು ಕಳುಹಿಸಿದರು. ಅಂತಿಯೋಕ್ಯದಲ್ಲಿ ಜನರನ್ನೆಲ್ಲ ಸೇರಿಸಿ ಆ ಪತ್ರವನ್ನು ಒಪ್ಪಿಸಿದರು. ಅದನ್ನು ಓದಿ ಜನರು ಸಂತೋಷಪಟ್ಟರು. ಈ ಕಡೆಯ ಮಾತನ್ನು ತಾವು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಿರಿಯರು ಸೇರಿದ್ದು ಮಾತ್ರವಲ್ಲ, ಪತ್ರ ಬಂದದ್ದು ಮಾತ್ರವಲ್ಲ, ಅದು ಜನರ ಮುಂದೆ ಬಂದಾಗಲೇ ಆ ಕಾರ್ಯ ಪೂರ್ಣವಾಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. 1886ರಲ್ಲಿ ಹದಿಮೂರನೆಯ ಲಿಯೋ ಪೋಪರು ಭಾರತದಲ್ಲಿ ಕ್ರಮಬದ್ಧವಾದ ಧರ್ಮಪ್ರಾಂತ್ಯಗಳನ್ನು ಸ್ಥಾಪಿಸಿದರು. ಆದರೂ ಬಹುಕಾಲ ಆಯಾ ಧರ್ಮಾಧ್ಯಕ್ಷರು ತಮ್ಮ ತಮ್ಮ ಪ್ರಾಂತ್ಯಗಳಲ್ಲಿ, ಒಂದೇ ಮನೆತನದ ಬೇರೆ ಬೇರೆ ಒಲೆಗಳಂತೆ, ಪ್ರತ್ಯೇಕವಾಗಿಯೇ ದುಡಿಯುತ್ತಿದ್ದರು. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸ್ವಾತಂತ್ರ್ಯ ಹೊಸ್ತಿಲಿಗೆ ಬಂದಿತ್ತು. ಅಂಥ ಸಮಯದಲ್ಲಿ, 1944ರ ಸೆಪ್ಟೆಂಬರಿನಲ್ಲಿ, ಮದರಾಸಿನಲ್ಲಿ ಸೇರಿದ ಮಹಾಧರ್ಮಾಧ್ಯಕ್ಷರು ಭಾರತ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಗೆ ರೂಪ ಕೊಟ್ಟರು. ಇದನ್ನೇ ನಾವು ಸಿ.ಬಿ.ಸಿ.ಐ. ಎಂದು ಕರೆಯುವುದು. ಗಣರಾಜ್ಯ ಘೋಷಣೆಗೆ ಕೆಲವೇ ದಿನಗಳ ಮುಂಚೆ, 1950ರ ಜನವರಿಯಲ್ಲಿ, ಭಾರತದ ಪ್ರಥಮ ಸಮಗ್ರ ಧರ್ಮಸಮಾವೇಶ ನಮ್ಮ ಬೆಂಗಳೂರಿನಲ್ಲೇ ಜರುಗಿತು. ಸಿಡ್ನಿಯ ಕಾರ್ಡಿನಲ್ ಗಿಲ್ರಾಯ್ ಅವರು ಪೋಪರ ಪ್ರತಿನಿಧಿಯಾಗಿ ಅದರ ಅಧ್ಯಕ್ಷತೆ ವಹಿಸಿದ್ದರು.

ತಾವು ಗಮನಿಸಬೇಕಾದ ಸಂಗತಿಯೊಂದುಂಟು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧರ್ಮಾಧ್ಯಕ್ಷರ ಸೇವಾಕಾರ್ಯವನ್ನು ಕುರಿತ ತನ್ನ ಆದೇಶದಲ್ಲಿ, ಎಲ್ಲ ದೇಶಗಳಲ್ಲೂ ಇಂಥ ಮಂಡಳಿಗಳು ಏಳಬೇಕೆಂದು ಬಯಸಿತು. ನಮ್ಮ ಭಾರತದಲ್ಲಿ ಅದಕ್ಕೆ ಇಪ್ಪತ್ತೊಂದು ವರ್ಷ ಮುಂಚೆಯೇ ಮಂಡಳಿ ಹುಟ್ಟಿತ್ತು. 1983ರಲ್ಲಿ ಹೊರಬಂದ ಧರ್ಮಸಭೆಯ ಕಾನೂನು ಸಂಹಿತೆ 447ರಿಂದ 459ರವರೆಗಿನ ವಿಧಿಗಳಲ್ಲಿ ಈ ಮಂಡಳಿಗಳ ಸ್ವರೂಪವನ್ನು ಖಚಿತಗೊಳಿಸಿತು.

ಈಗ ರಚನೆಯ ಮಾತು. ಭಾರತದ ಕಥೋಲಿಕರಲ್ಲಿ ಮೂರು ವಿಧಿಯವರಿದ್ದಾರೆ: ನಮ್ಮಂತೆ ಲ್ಯಾಟಿನ್ ವಿಧಿಯವರು, ಸಿರೋ-ಮಲಬಾರ್ ವಿಧಿಯವರು, ಸಿರೋ-ಮಲಂಕರ ವಿಧಿಯವರು. ಇದು ನಮಗೆ ದೂರದ ಸಂಗತಿಯಲ್ಲ. ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಸ್ಥಾಪನೆಯಾಯಿತು. ಅದರ ನೆರೆಯ ಭದ್ರಾವತಿಯಲ್ಲೇ 2007ರಲ್ಲಿ ಸಿರೋ-ಮಲಬಾರ್ ವಿಧಿಯ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಪೂಜಾವಿಧಾನ ಬೇರೆ, ವಿಶ್ವಾಸ ಒಂದೇ, ಪೋಪರು ಒಬ್ಬರೇ. ಎರಡನೆಯ ಜಾನ್ ಪಾಲ್ ಪೋಪರು 1987ರ ಮೇ 28ರಂದು ಭಾರತದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಪ್ರತಿಯೊಂದು ವಿಧಿಯವರೂ ತಮ್ಮ ತಮ್ಮ ಮಂಡಳಿಯನ್ನು ರಚಿಸಿಕೊಳ್ಳಬಹುದೆಂದೂ, ಎಲ್ಲರಿಗೂ ಸಂಬಂಧಿಸಿದ ರಾಷ್ಟ್ರೀಯ ವಿಷಯಗಳಿಗೆ ಸಿ.ಬಿ.ಸಿ.ಐ. ಮುಂದುವರಿಯಬೇಕೆಂದೂ ತಿಳಿಸಿದರು. ಅದರಂತೆ 1988ರಲ್ಲಿ ಲ್ಯಾಟಿನ್ ವಿಧಿಯ ಧರ್ಮಾಧ್ಯಕ್ಷರ ಪ್ರತ್ಯೇಕ ಮಂಡಳಿ ಏರ್ಪಟ್ಟಿತು. ಅದೇ ಸಿ.ಸಿ.ಬಿ.ಐ. ಹೆಸರಿನ ಅಕ್ಷರಗಳು ಒಂದನ್ನೊಂದು ಹೋಲುವುದರಿಂದ ಗುರುಗಳೂ ಒಮ್ಮೊಮ್ಮೆ ತಡವರಿಸುವುದುಂಟು!

ಹೀಗೆ ನೆನಪಿಟ್ಟುಕೊಳ್ಳಿ. ಮೂರು ವಿಧಿಯವರೂ ಕೂಡುವ ದೊಡ್ಡ ಪಡಸಾಲೆ ಸಿ.ಬಿ.ಸಿ.ಐ.; ಅದರ ಕೇಂದ್ರ ಕಚೇರಿ ಹೊಸದೆಹಲಿಯಲ್ಲಿದೆ. ಶಿಕ್ಷಣ, ಆರೋಗ್ಯ, ಕಾರ್ಮಿಕರು, ದಲಿತರು, ಆದಿವಾಸಿಗಳು, ಸರ್ಕಾರದೊಡನೆ ವ್ಯವಹಾರ ಇವು ಅಲ್ಲಿಯ ವಿಷಯಗಳು. ಲ್ಯಾಟಿನ್ ವಿಧಿಯ ಪೂಜಾವಿಧಿ, ಧರ್ಮೋಪದೇಶ, ಬೈಬಲ್, ಕುಟುಂಬ, ದೈವಕರೆ ಮೊದಲಾದವು ಸಿ.ಸಿ.ಬಿ.ಐ.ಯ ವಿಷಯಗಳು. ಇಡೀ ದೇಶದಲ್ಲಿ 170ಕ್ಕೂ ಹೆಚ್ಚು ಧರ್ಮಪ್ರಾಂತ್ಯಗಳಿದ್ದು, ಅವುಗಳಲ್ಲಿ 130ಕ್ಕೂ ಹೆಚ್ಚು ಲ್ಯಾಟಿನ್ ವಿಧಿಯವು. ಎಲ್ಲ ಧರ್ಮಾಧ್ಯಕ್ಷರೂ ಸೇರುವ ಮಹಾಸಭೆ ಮಂಡಳಿಯ ಪರಮ ಅಂಗ. ಅದು ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಪ್ರಧಾನ ಕಾರ್ಯದರ್ಶಿಯನ್ನೂ ನಿಯತ ಅವಧಿಗೆ ಚುನಾಯಿಸುತ್ತದೆ. ಮಹಾಸಭೆಗಳ ನಡುವಣ ಅವಧಿಯಲ್ಲಿ ಸ್ಥಾಯೀ ಸಮಿತಿ ಕಾರ್ಯ ನಡೆಸುತ್ತದೆ. ಒಂದೊಂದು ವಿಷಯಕ್ಕೂ ಒಂದೊಂದು ಆಯೋಗವಿರುತ್ತದೆ. 2018, 2022 ಮತ್ತು 2024ರ ಸಿ.ಬಿ.ಸಿ.ಐ. ಮಹಾಸಭೆಗಳು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಆವರಣದಲ್ಲೇ ಸೇರಿದವು. ಇವುಗಳ ಕೆಳಗೆ ರಾಜ್ಯ ಮಟ್ಟದಲ್ಲಿ ಕರ್ನಾಟಕ ಪ್ರಾಂತೀಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯಿದೆ. ಮೂರೂ ವಿಧಿಗಳು ಸೇರಿ ನಮ್ಮ ರಾಜ್ಯದಲ್ಲಿ ಹದಿನಾಲ್ಕು ಧರ್ಮಪ್ರಾಂತ್ಯಗಳಿವೆ. ನಮ್ಮ ಕನ್ನಡದ ಪೂಜಾಗ್ರಂಥಗಳ ವಿಷಯ ಮೊದಲು ಚರ್ಚೆಗೆ ಬರುವುದು ಇಲ್ಲಿಯೇ.

ಇಷ್ಟು ಕೇಳಿದ ಮೇಲೆ ಒಂದು ತಪ್ಪು ಕಲ್ಪನೆ ಮೂಡುವ ಸಂಭವವಿದೆ. ಗ್ರಾಮ ಪಂಚಾಯಿತಿಯ ಮೇಲೆ ತಾಲ್ಲೂಕು, ತಾಲ್ಲೂಕಿನ ಮೇಲೆ ಜಿಲ್ಲೆ, ಅದರ ಮೇಲೆ ವಿಧಾನಸೌಧ, ಅದರ ಮೇಲೆ ದೆಹಲಿ. ಹಾಗೆಯೇ ನಮ್ಮ ಧರ್ಮಾಧ್ಯಕ್ಷರ ಮೇಲೆ ಮಂಡಳಿಯೆಂಬ ಮೇಲಧಿಕಾರಿಯಿದ್ದಾನೆಂದು ಕೆಲವರು ಭಾವಿಸುತ್ತಾರೆ. ನಾವು ಹಿಂದೆ ಸೇವೆಯಲ್ಲಿದ್ದ ಒಂದು ಕಡೆ ಸಮಾಧಿಭೂಮಿಯ ಬೇಲಿಯ ವಿಷಯಕ್ಕೆ ಎರಡು ಗುಂಪುಗಳಾಗಿ, ಒಂದು ಗುಂಪಿನವರು ದೆಹಲಿಯ ಮಂಡಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅರ್ಜಿ ಕಳುಹಿಸಿದರು. ಉತ್ತರ ಬರಲಿಲ್ಲವೆಂದು ಮಂಡಳಿಯ ಮೇಲೆ ಮುನಿದರು. ಪಾಪ, ಅವರಿಗೆ ತಿಳಿಸಿಹೇಳಬೇಕಾದವರು ನಾವೇ, ಹೇಳಿರಲಿಲ್ಲ.

ಮಂಡಳಿ ಮೇಲಿನ ನ್ಯಾಯಾಲಯವಲ್ಲ, ಸಂಸತ್ತೂ ಅಲ್ಲ. ಅದು ಧರ್ಮಾಧ್ಯಕ್ಷರನ್ನು ನೇಮಿಸುವುದಿಲ್ಲ. ಆ ಅಧಿಕಾರ ಪೋಪರದು. ಧರ್ಮಗುರುಗಳನ್ನು ವರ್ಗ ಮಾಡುವುದಿಲ್ಲ. ಅದು ಆಯಾ ಧರ್ಮಾಧ್ಯಕ್ಷರದು. ಸಂಹಿತೆಯ 455ನೆಯ ವಿಧಿಯ ಪ್ರಕಾರ, ಸಾರ್ವತ್ರಿಕ ಕಾನೂನು ಅನುಮತಿಸಿದ ಅಥವಾ ಪವಿತ್ರಪೀಠ ವಿಶೇಷವಾಗಿ ಒಪ್ಪಿಸಿದ ವಿಷಯಗಳಲ್ಲಿ ಮಾತ್ರ ಮಂಡಳಿ ಎಲ್ಲರನ್ನೂ ಬದ್ಧಗೊಳಿಸುವ ಆಜ್ಞೆ ಹೊರಡಿಸಬಹುದು. ಅದಕ್ಕೂ ಮತಾಧಿಕಾರವುಳ್ಳ ಸದಸ್ಯರಲ್ಲಿ ಮೂರನೇ ಎರಡರಷ್ಟು ಜನರ ಒಪ್ಪಿಗೆ ಬೇಕು. ರೋಮಿನ ಪರಿಶೀಲನೆ ಮತ್ತು ಮನ್ನಣೆ ಬೇಕು. ಉಳಿದ ವಿಷಯಗಳಲ್ಲಿ ಪ್ರತಿಯೊಬ್ಬ ಧರ್ಮಾಧ್ಯಕ್ಷರ ಅಧಿಕಾರ ಹಾಗೆಯೇ ಉಳಿಯುತ್ತದೆ. ವಿಶ್ವಾಸಬೋಧನೆಗೆ ಸಂಬಂಧಿಸಿದ ಘೋಷಣೆಯಾದರೆ ನಿಯಮ ಇನ್ನೂ ಬಿಗಿ: ಸರ್ವಾನುಮತ ಬೇಕು, ಇಲ್ಲವೇ ಮೂರನೇ ಎರಡರಷ್ಟು ಬಹುಮತದ ಮೇಲೆ ರೋಮಿನ ಮನ್ನಣೆ ಬೇಕೆಂದು 1998ರಲ್ಲಿ ಪೋಪ್ ಜಾನ್ ಪಾಲರು ವಿಧಿಸಿದರು.

ಹಾಗಾದರೆ ಇಂಥ ಮಂಡಳಿಯಿಂದ ಪ್ರಯೋಜನವೇನು? ಹಣ್ಣನ್ನು ನೋಡಿ ಮರವನ್ನು ಅರಿಯಿರಿ. ಹಿಂದೆ ಪ್ರಭುವಿನ ಸ್ವರ್ಗಾರೋಹಣದ ಹಬ್ಬ ಗುರುವಾರ ಬರುತ್ತಿತ್ತು. ಕೂಲಿಗೆ ಹೋಗುವವರಿಗೆ ಪೂಜೆ ತಪ್ಪುತ್ತಿತ್ತು. ಅದನ್ನು ಭಾನುವಾರಕ್ಕೆ ಬದಲಾಯಿಸುವುದು, ಉಪವಾಸ ಮಾಂಸವರ್ಜನೆಗಳ ಕ್ರಮವನ್ನು ದೇಶದ ಸ್ಥಿತಿಗೆ ತಕ್ಕಂತೆ ಗೊತ್ತುಮಾಡುವುದು ಮಂಡಳಿಗೆ ಸೇರಿದ ಅಧಿಕಾರ. ನಮ್ಮ ದೇವಾಲಯದಲ್ಲಿ ಮೇಣದಬತ್ತಿಯ ಬದಲು ಎಣ್ಣೆಯ ದೀಪ ಉರಿಯುವುದನ್ನೂ, ಕೈಮುಗಿದು ತಲೆಬಾಗಿ ನಮಿಸುವುದನ್ನೂ, ಹೂವು ಧೂಪ ದೀಪಗಳಿಂದ ಆರತಿ ಎತ್ತುವುದನ್ನೂ ಇಂದಿನ ಮಕ್ಕಳು ಸಹಜವೆಂದೇ ಎಣಿಸುತ್ತಾರೆ. ಆದರೆ ಅದು ತಾನಾಗಿ ಬಂದದ್ದಲ್ಲ. ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರೂ ಮಂಡಳಿಯ ಪೂಜಾವಿಧಿ ಆಯೋಗದ ಅಧ್ಯಕ್ಷರೂ ಆಗಿದ್ದ ಡಿ. ಎಸ್. ಲೂರ್ದುಸ್ವಾಮಿಯವರ ಕಾಲದಲ್ಲಿ ಭಾರತದ ಧರ್ಮಾಧ್ಯಕ್ಷರು ಹನ್ನೆರಡು ಅಂಶಗಳನ್ನು ಬರೆದು ರೋಮಿಗೆ ಕಳುಹಿಸಿದರು. 1969ರ ಏಪ್ರಿಲ್ 25ರಂದು ಒಪ್ಪಿಗೆ ಬಂತು. ಮಂಡಳಿಯೇ 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ, ಅದರ ಮೊದಲ ನಿರ್ದೇಶಕರಾದ ಅಮಲೋರ್ಪವದಾಸರ ನೇತೃತ್ವದಲ್ಲಿ, ಈ ಕಾರ್ಯಕ್ಕೆ ದೇಶದ ಗುರುಗಳನ್ನೂ ಉಪದೇಶಿಗಳನ್ನೂ ಸಿದ್ಧಗೊಳಿಸಿತು.

ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಗೆ ಇಲ್ಲಿಂದ ರೋಗಿಗಳನ್ನು ಕರೆದೊಯ್ದವರು ಈ ಸಭೆಯಲ್ಲೇ ಇದ್ದೀರಿ. 1963ರಲ್ಲಿ ಆ ವೈದ್ಯಕೀಯ ಕಾಲೇಜನ್ನು ಆರಂಭಿಸಿದ್ದು ಭಾರತದ ಧರ್ಮಾಧ್ಯಕ್ಷರೆಲ್ಲ ಸೇರಿ. ಒಂದು ಧರ್ಮಪ್ರಾಂತ್ಯ ತಾನೊಂದೇ ಅಂಥ ಭಾರ ಹೊರುವುದು ಸುಲಭವಲ್ಲ. ತಪಸ್ಸುಕಾಲದಲ್ಲಿ ತಾವು ಮಕ್ಕಳ ಕೈಯಿಂದ ಹಾಕಿಸುವ ಕಾಣಿಕೆ ಸೇರುವ ಕಾರಿತಾಸ್ ಇಂಡಿಯಾ ಸಂಸ್ಥೆಯೂ 1962ರಲ್ಲಿ ಮಂಡಳಿಯಿಂದಲೇ ಹುಟ್ಟಿತು. ಬರದ ಬವಣೆಯನ್ನು ಪುಸ್ತಕದಲ್ಲಿ ಓದದೆ ಹೊಲದಲ್ಲೇ ಕಂಡ ಜಗಳೂರಿನವರಿಗೆ, ಒಂದು ಕಡೆಯ ಕಾಣಿಕೆ ಇನ್ನೊಂದು ಕಡೆಯ ಕೊರತೆಯನ್ನು ನೀಗಿಸುವುದೆಂದರೇನು ಎಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಆದರೆ, ಪ್ರಿಯರೇ, ಮಂಡಳಿಯ ಎಲ್ಲ ಮಾತುಗಳೂ ಹೀಗೆ ಫಲಿಸಿದವೆಂದು ಹೇಳಿದರೆ ನಾವು ಸುಳ್ಳು ಹೇಳಿದಂತಾಗುತ್ತದೆ. 1982ರಲ್ಲಿ ನಾವು ಗುರುಮಠದ ವಿದ್ಯಾರ್ಥಿ. ಆ ವರ್ಷ ತಿರುಚಿನಾಪಳ್ಳಿಯಲ್ಲಿ ಸೇರಿದ ಮಂಡಳಿ, ಜಾತಿಭೇದಕ್ಕೆ ಕ್ರೈಸ್ತಧರ್ಮದಲ್ಲಿ ಸ್ಥಾನವಿಲ್ಲವೆಂದು ನಿಸ್ಸಂದಿಗ್ಧವಾಗಿ ಸಾರಿತು. ಗೆಳೆಯರೆಲ್ಲ ಆ ಹೇಳಿಕೆಯನ್ನು ಓದಿ ಉತ್ಸಾಹಗೊಂಡೆವು. ಗುರುದೀಕ್ಷೆ ಪಡೆದು ಕೆಲವು ವರ್ಷಗಳ ಬಳಿಕ ನಾವು ಹೋದ ಒಂದು ಊರಿನಲ್ಲಿ, ಒಂದೇ ಸಮಾಧಿಭೂಮಿಯಲ್ಲಿ ಎರಡು ಕಡೆ ಎರಡು ಬಗೆಯ ಜನರನ್ನು ಮಣ್ಣು ಮಾಡುತ್ತಿದ್ದರು. ಮೊದಲೇ ಹೇಳಿದ ಬೇಲಿಯ ಜಗಳ ಅದರದ್ದೇ. ಮಂಡಳಿಯ ಹೇಳಿಕೆ ನಮ್ಮ ಕಪಾಟಿನಲ್ಲಿತ್ತು. ಅದನ್ನು ಪೂಜಾಪೀಠದಿಂದ ಓದಲು ನಮಗೆ ಎರಡು ವರ್ಷ ಧೈರ್ಯ ಬರಲಿಲ್ಲ. 2016ರಲ್ಲಿ ಮಂಡಳಿ ದಲಿತರ ಸಬಲೀಕರಣಕ್ಕಾಗಿ ಇಡೀ ಧರ್ಮಸಭೆಗೆ ಅನ್ವಯಿಸುವ ನೀತಿಯೊಂದನ್ನೇ ಪ್ರಕಟಿಸಿತು. ಮೂವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ಹೇಳಬೇಕಾಗಿ ಬಂದದ್ದು ಏಕೆ? ಮೊದಲನೆಯ ಮಾತು ನಮ್ಮಂಥವರ ಕಪಾಟುಗಳಲ್ಲಿ ಉಳಿದದ್ದರಿಂದ ಎಂದೇ ನಾವು ನಂಬುತ್ತೇವೆ.

ಮೇಲಿನಿಂದ ಬಂದ ಪತ್ರದ ಕಥೆ ಇದಾದರೆ, ಕೆಳಗಿನಿಂದ ಹೋಗಬೇಕಾದ ಪತ್ರದ ಕಥೆ ಇನ್ನೊಂದು. 2014ರಲ್ಲಿ ಕುಟುಂಬ ಜೀವನವನ್ನು ಕುರಿತು ರೋಮಿನಲ್ಲಿ ಧರ್ಮಾಧ್ಯಕ್ಷರ ಸಮಾಲೋಚನಾ ಸಭೆ ಸೇರುವುದಿತ್ತು. ಅದಕ್ಕೆ ಮುಂಚೆ, 2013ರ ಕೊನೆಗೆ, ಪೋಪ್ ಫ್ರಾನ್ಸಿಸರು ವಿಶ್ವಾಸಿಗಳ ಅಭಿಪ್ರಾಯ ತಿಳಿಯಲು ಪ್ರಶ್ನಾವಳಿಯೊಂದನ್ನು ಎಲ್ಲ ಮಂಡಳಿಗಳ ಮೂಲಕ ಕಳುಹಿಸಿದರು. ಅದು ನಮ್ಮ ಮೇಜಿನ ಮೇಲೂ ಬಂತು. ಎರಡು ವಾರ ಅಲ್ಲೇ ಬಿದ್ದಿತ್ತು. ಕಡೆಯ ದಿನದ ಹಿಂದಿನ ರಾತ್ರಿ ನಾವೊಬ್ಬರೇ ಕುಳಿತು, ನಿಮ್ಮಂಥ ಕುಟುಂಬಗಳ ಪರವಾಗಿ, ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ಸಹಿ ಹಾಕಿ ಕಳುಹಿಸಿದೆವು. ಮದುವೆಯಾಗದವರೊಬ್ಬರು ಮದುವೆಯಾದವರೆಲ್ಲರ ಕಷ್ಟಸುಖವನ್ನು ಒಂದೇ ರಾತ್ರಿಯಲ್ಲಿ ಬರೆದುಬಿಟ್ಟಂತಾಯಿತು! ಈಗ ನಗು ಬರುತ್ತದೆ; ಆದರೆ ಅದು ನಗುವ ವಿಷಯವಲ್ಲ. ಪಾಪನಿವೇದನೆಯಲ್ಲಿ ಹೇಳಿಕೊಂಡ ವಿಷಯ.

2021ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಅಂಥ ಕರೆ ಬಂತು. ಈ ಸಲ ಧರ್ಮಕೇಂದ್ರದಿಂದ ಧರ್ಮಪ್ರಾಂತ್ಯಕ್ಕೆ, ಅಲ್ಲಿಂದ ಮಂಡಳಿಗೆ, ಮಂಡಳಿಯಿಂದ ರೋಮಿಗೆ ಜನರ ಮಾತೇ ಹೋಗಬೇಕೆಂದು ವಿಧಿಸಲಾಗಿತ್ತು. ನಾವು ಹಳೆಯ ತಪ್ಪನ್ನು ನೆನೆದು, ನೋಟುಪುಸ್ತಕ ಹಿಡಿದು ಮನೆಮನೆಗೆ ಹೋದೆವು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಜೋಳ ಕೇರುತ್ತಿದ್ದರು. ನಮ್ಮ ಪ್ರಶ್ನೆ ಕೇಳಿ ಮೊರ ಕೆಳಗಿಟ್ಟು, "ಇಷ್ಟು ವರ್ಷದಾಗ ನಮ್ಮನ್ನ ಯಾರೂ ಏನೂ ಕೇಳಿದ್ದಿಲ್ಲ ನೋಡ್ರಿ ಫಾದರ್" ಎಂದರು. ಬಹಳ ಹೊತ್ತು ಸುಮ್ಮನಿದ್ದು, "ನನ್ನ ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಆರು ವರ್ಷ ಆತು. ಅಲ್ಲಿ ಯಾವ ಗುಡಿಗೆ ಹೋಗ್ತಾನೋ, ಹೋಗೋದೇ ಬಿಟ್ಟಾನೋ. ಅವನ ಹೆಸರು ಈಗ ಯಾವ ಪುಸ್ತಕದಾಗ ಐತ್ರಿ?" ಎಂದು ಕೇಳಿದರು.

ನಾವು ಗುರುಮಠದಲ್ಲಿ ದೈವಶಾಸ್ತ್ರ ಓದಿದ್ದೇವೆ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವನ ಜ್ಞಾನಸ್ನಾನದ ಹೆಸರು ನಮ್ಮ ಪುಸ್ತಕದಲ್ಲಿತ್ತು; ಅವನು ಇರಲಿಲ್ಲ. ಅವನು ಇದ್ದ ಊರಿನ ಪುಸ್ತಕದಲ್ಲಿ ಅವನ ಹೆಸರಿತ್ತೋ ಇಲ್ಲವೋ ನಾವರಿಯೆವು. ಆಗ ನಮಗೆ ಹೊಳೆಯಿತು: ಧರ್ಮಾಧ್ಯಕ್ಷರು ಒಂದೆಡೆ ಸೇರುವುದು ಏತಕ್ಕೆಂಬುದಕ್ಕೆ ಈ ಅಜ್ಜಿಯ ಮಾತಿಗಿಂತ ಸ್ಪಷ್ಟವಾದ ಕಾರಣ ಬೇರೊಂದಿಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನುಷ್ಯ ಧರ್ಮಪ್ರಾಂತ್ಯದ ಗಡಿ ಕೇಳಿ ಬಸ್ಸು ಹತ್ತುವುದಿಲ್ಲ. ಶಿವಮೊಗ್ಗದ ಧರ್ಮಾಧ್ಯಕ್ಷರು ಒಬ್ಬರೇ ಅವನ ಹಿಂದೆ ಹೋಗಲಾರರು. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಿಗೆ ಅವನು ಬಂದದ್ದು ಯಾರಾದರೂ ಹೇಳದೆ ತಿಳಿಯದು. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಮಾತ್ರ ಅವನು ಇಬ್ಬರಿಗೂ ಸೇರಿದವನಾಗುತ್ತಾನೆ. ವಲಸಿಗರಿಗಾಗಿ ಸಿ.ಸಿ.ಬಿ.ಐ.ಯಲ್ಲಿ ಪ್ರತ್ಯೇಕ ಆಯೋಗವೇ ಇದೆ. ಆದರೆ ಆಯೋಗಕ್ಕೆ ಹೆಸರು ಕೊಡಬೇಕಾದವರು ಯಾರು? ದೆಹಲಿಯವರಲ್ಲ, ಬೆಂಗಳೂರಿನವರಲ್ಲ. ನಾವು, ನೀವು.

ಅಜ್ಜಿಯ ಮಾತನ್ನು ಅವರು ಆಡಿದಂತೆಯೇ ಬರೆದು ಧರ್ಮಪ್ರಾಂತ್ಯಕ್ಕೆ ಕಳುಹಿಸಿದೆವು. ಅದು ಎಲ್ಲಿಯವರೆಗೆ ಮುಟ್ಟಿತೋ ದೇವರೇ ಬಲ್ಲರು. ಲಕ್ಷಾಂತರ ಉತ್ತರಗಳ ನಡುವೆ ಅದೊಂದು ಕಾಳು. ಆದರೂ ಅದು ನಮ್ಮ ಮೇಜನ್ನು ದಾಟಿತು.

ಇನ್ನು ಆ ಯುವಕನ ಪ್ರಶ್ನೆಗೆ ಬರುತ್ತೇವೆ. ಜಗಳೂರಿನವರಿಗೆ ಕೆರೆಯ ವಿಷಯ ನಾವು ಹೇಳಿಕೊಡಬೇಕಾಗಿಲ್ಲ. ಕೆರೆ ತುಂಬಬೇಕಾದರೆ ಹಳ್ಳಗಳು ಹರಿದು ಬರಬೇಕು. ತುಂಬಿದ ಕೆರೆಯಿಂದ ಹೊಲ ನೆನೆಯಬೇಕಾದರೆ ತೂಬು ತೆರೆಯಬೇಕು. ಹಳ್ಳದಲ್ಲಿ ಹೂಳು ತುಂಬಿ ತೂಬಿಗೆ ತುಕ್ಕು ಹಿಡಿದಿದ್ದರೆ, ನಡುವೆ ಎಷ್ಟು ದೊಡ್ಡ ಕೆರೆಯಿದ್ದರೇನು? ಧರ್ಮಾಧ್ಯಕ್ಷರ ಮಂಡಳಿ ಆ ಕೆರೆ. ಧರ್ಮಕೇಂದ್ರವೇ ಹಳ್ಳ, ಧರ್ಮಕೇಂದ್ರವೇ ತೂಬು. ಅದನ್ನು ಮುಚ್ಚಿಟ್ಟವರಲ್ಲಿ ಮೊದಲಿಗರು ಗುರುಗಳಾದ ನಾವು. "ಅದೆಲ್ಲ ಫಾದರ್ ನೋಡಿಕೊಳ್ಳುತ್ತಾರೆ" ಎಂದು ಸುಮ್ಮನಿದ್ದ ತಾವೂ ಅದರಲ್ಲಿ ಪಾಲುದಾರರು.

ಆದಕಾರಣ ಈ ಶತಮಾನೋತ್ಸವದ ನೆನಪಿಗಾಗಿ ಮೂರು ಕಾರ್ಯಗಳನ್ನು ನಾವು ತಮ್ಮ ಮುಂದಿಡುತ್ತೇವೆ. ಮೊದಲನೆಯದು, ಮಂಡಳಿಯಿಂದಾಗಲಿ ನಮ್ಮ ಧರ್ಮಾಧ್ಯಕ್ಷರಿಂದಾಗಲಿ ಬಂದ ಪ್ರತಿಯೊಂದು ಸಂದೇಶವನ್ನು ಬಂದ ಮುಂದಿನ ಭಾನುವಾರವೇ ಓದಲಾಗುವುದು. ಅದರ ಪ್ರತಿ ದೇವಾಲಯದ ಬಾಗಿಲ ಬಳಿ ತೂಗಿರುವುದು. ಓದದಿದ್ದರೆ ಕೇಳುವ ಹಕ್ಕು ತಮ್ಮದು. ಎರಡನೆಯದು, ಧರ್ಮಕೇಂದ್ರದ ಪಾಲನಾ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಿ, ಜನರ ಕುಂದುಕೊರತೆಗಳನ್ನು ಬರೆದು ಧರ್ಮಪ್ರಾಂತ್ಯಕ್ಕೆ ಕಳುಹಿಸುವುದು. ಅದನ್ನು ಬರೆಯುವವರು ನಾವಾಗಬಾರದು. ತಮ್ಮಲ್ಲೇ ಒಬ್ಬರಾಗಬೇಕು, ಹೆಂಗಸರಾದರೆ ಇನ್ನೂ ಒಳಿತು. ಮೂರನೆಯದು, ಈ ದಿನ ಸಭೆ ಮುಗಿದ ಮೇಲೆ ಹಿಂಬದಿಯ ಮೇಜಿನ ಮೇಲೆ ಒಂದು ಹೊಸ ಪುಸ್ತಕವನ್ನು ತಾವು ಕಾಣುವಿರಿ. ಅದರಲ್ಲಿ ಇನ್ನೂ ಒಂದು ಸಾಲನ್ನೂ ಬರೆದಿಲ್ಲ. ಕೆಲಸಕ್ಕಾಗಿ, ಓದಿಗಾಗಿ ಹೊರಗೆ ಹೋಗಿರುವ ತಮ್ಮ ಮಕ್ಕಳ ಹೆಸರು, ಅವರಿರುವ ಊರು, ಬಡಾವಣೆ ಇಷ್ಟನ್ನು ಬರೆಯಿರಿ. ಆಯಾ ಊರಿನ ಧರ್ಮಗುರುಗಳಿಗೆ ನಾವು ಪತ್ರ ಬರೆಯುತ್ತೇವೆ. ಉತ್ತರ ಬಾರದಿದ್ದರೆ ಮತ್ತೆ ಬರೆಯುತ್ತೇವೆ. ಆಗಲೂ ಬಾರದಿದ್ದರೆ ಆ ವಿಷಯ ನಮ್ಮ ಧರ್ಮಾಧ್ಯಕ್ಷರ ಮೂಲಕ ಮಂಡಳಿಗೇ ಹೋಗಲಿ, ಮಂಡಳಿಯಿರುವುದು ಅದಕ್ಕಾಗಿಯೇ.

ಮೊದಲ ಹೆಸರು ಯಾರದಿರಬೇಕೆಂದು ನಾವು ನಿರ್ಧರಿಸಿಲ್ಲ. ಆದರೆ ಜೋಳ ಕೇರುತ್ತಿದ್ದ ಆ ತಾಯಿ ಈ ಸಭೆಯಲ್ಲೇ ಕುಳಿತಿದ್ದಾರೆ. ಅವರಿಗೆ ಬರೆಯಲು ಬಾರದು. ಪ್ರಶ್ನೆ ಕೇಳಿದ ಆ ಯುವಕನೂ ಇಲ್ಲೇ ಇದ್ದಾನೆ. ಅವನಿಗೆ ಬರೆಯಲು ಬರುತ್ತದೆ.

ಅಂತಿಯೋಕ್ಯದ ಸಭೆಯನ್ನು ಪತ್ರವೊಂದರಿಂದ ಸಂತೈಸಿದ ಪವಿತ್ರಾತ್ಮರು ನಮ್ಮ ಈ ಸಣ್ಣ ಸಭೆಯ ಮೇಲೂ ಇಳಿದುಬರಲಿ. ದೇವಮಾತೆ ಮರಿಯಮ್ಮನವರು ದೂರದೂರುಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳನ್ನು ಕಾಪಾಡಲಿ. ಸರ್ವಶಕ್ತ ದೇವರು ತಮ್ಮೆಲ್ಲರನ್ನೂ ಹರಸಲಿ. ಆಮೆನ್.